‘ಸ್ವಂತ ಹಾಡು’ ಮತ್ತು ನಾಲ್ಕು ಶನಿವಾರ

ರೇಡಿಯೋ ಕಾರ್ಯಕ್ರಮ ಕೆಡಾಕ ಮಷೀನ ಕೆಡಬೇಕಂತ ಏನಿಲ್ಲ. ನಮ್ಮ ಮಂದಿ ಚಲೋ ಮನಸ್ಸಿನಿಂದ ಸಹಾಯಕ್ಕ ಬಂದ್ರ ಸಾಕು, ತಾನ ಕೆಡತೈತಿ. ಇದನ್ನ ನಗಕೋಂತ ಹೇಳಾಕತ್ತೇನಿ ಅಂತ ತಿಳೀಬ್ಯಾಡ್ರಿ. ನೆನಸ್ಕೊಂಡ್ರ ಇವತ್ತಿಗೂ ಮೈ ಉರೀತೈತಿ.

ಮೊಬೈಲು ಆಗಷ್ಟ ಎಲ್ಲಾರ ಕಿಸೇದಾಗ ಬಂದಿದ್ದ ಕಾಲ. ಹುಕ್ಕೇರ್ಯಾಗ ಒಂದು ಸಂಸ್ಥೆಯವರು ಸಣ್ಣ ರೇಡಿಯೋ ಕೇಂದ್ರ ತಗದಿದ್ರು. ಸುತ್ತಲಿನ ಹಳ್ಳಿಗೆ, ಅತ್ತ ಹತ್ತರಗಿತನಾ ಕೇಳಸ್ತಿತ್ತು. ನಾ ಅಲ್ಲಿ ನಿರೂಪಕಿ. ಸಿನಿಮಾ ಹಾಡು ಕೇಳಸಾಕ ಊರ ತುಂಬ ಅಂಗಡಿ ಅದಾವ, ತಾವ ಕಟ್ಟಿ ತಾವ ಹಾಡೋ ಮಂದೀನ್ನ ಯಾರು ಕೇಳ್ತಾರ ಅಂತ ಜಗಳಾಡಿ, ಶನಿವಾರ ಸಂಜಿ ಅರ್ಧ ತಾಸು ತಗೊಂಡಿದ್ನಿ. ಹೆಸರು ‘ಸ್ವಂತ ಹಾಡು’. ಅತಿಥಿ ಸ್ಟುಡಿಯೋಕ್ಕ ಬಂದು ನೇರವಾಗಿ ಹಾಡಬೇಕು. ಸಂಸ್ಥೆಯ ಅಧ್ಯಕ್ಷರಿಗೆ ಆ ಅರ್ಧ ತಾಸಿನಾಗ ತಮ್ಮ ಭಾಷಣ ಹಾಕೋ ಆಸೆ. ‘ನಾಲ್ಕು ಶನಿವಾರ ಕೊಟ್ಟೇನ್ರಿ. ಅಷ್ಟರಾಗ ಒಂದಾದ್ರೂ ಹಾಡು ನೆಟ್ಟಗ ಕೇಳಸ್ರಿ. ಇಲ್ಲಾಂದ್ರ ಬಂದ್’ ಅಂದ್ರು.

೧. ಫೇಟಾ

ಮೊದಲನೇ ಅತಿಥಿ ಗೋಕಾಕದ ಒಬ್ಬ ಸಾಲಿ ಮಾಸ್ತರ. ಗಿಟಾರ್ ಮ್ಯಾಲ ಕನ್ನಡ ಹಾಡು ಕಟ್ಟಾವ. ಬಸ್ಸಿನಾಗ ಗಿಟಾರ್ ತೊಡಿಮ್ಯಾಲ ಇಟ್ಕೊಂಡು ಬಂದಿದ್ದ, ಪಾಪ.

ಆರು ಗಂಟೆಕ್ಕ ನಾ ನಮಸ್ಕಾರ ಹೇಳೂದಕ್ಕ ಅಧ್ಯಕ್ಷರು ಐದು ಮಂದಿ ಸದಸ್ಯರನ್ನ ಕರ್ಕೊಂಡು ಒಳಗ ಬಂದ್ರು. ‘ಪರ ಊರಾಗಿಂದ ಬಂದಾವಗ ಸತ್ಕಾರ ಇಲ್ದ ಹೆಂಗ್ರಿ?’ ಶಾಲು, ಹಾರ, ತೆಂಗಿನಕಾಯಿ, ತಲಿಗೆ ಗುಲಾಬಿ ಬಣ್ಣದ ಫೇಟಾ. ರೇಡಿಯೋದಾಗ ಇದನ್ನ ನೋಡಾವರು ಯಾರು? ‘ಈಗ ಶಾಲು ಹೊದಸಾಕತ್ತಾರ, ಈಗ ಹಾರ ಹಾಕಾಕತ್ತಾರ’ ಅಂತ ಹಲ್ಲು ಕಡಕೋಂತ ನಾನ ಹೇಳಬೇಕಾತು. ಆರೂ ಮಂದಿ ಎರಡೆರಡು ಮಾತಾಡಿದ್ರು. ಇಪ್ಪತ್ತೇಳು ನಿಮಿಷ ಹೋತು.

ಕಡೀಕ ಹೆಡ್‌ಫೋನ್ ಕೊಟ್ರ ಫೇಟಾದ ಮ್ಯಾಲ ಅದು ಕುಂಡ್ರವಲ್ಲದು. ‘ಸರ, ಫೇಟಾ ತಗೀರಿ’ ಅಂದ್ನಿ.

‘ಅಧ್ಯಕ್ಷರು ಕೈಯಾರ ಕಟ್ಯಾರ್ರಿ. ಅವರ ಮುಂದ ಹೆಂಗ ತಗೀಲಿ? ಮನಿತನಕ ಹಿಂಗ ಹೋಗಿ ಅವ್ವಗ ತೋರಸ್ಬೇಕು.’

ಫೇಟಾ ಅಲಗಾಡಬಾರದು ಅಂತ ಕುತ್ತಿಗಿ ಬಿಗಿ ಹಿಡದು ಎರಡು ಸಾಲು ಹಾಡೂದ್ರಾಗ ಟೈಮ್ ಮುಗೀತು. ಮರುದಿನ ಹತ್ತರಗಿಯಿಂದ ಒಬ್ಬರು ಫೋನ್ ಮಾಡಿದ್ರು. ‘ಅಕ್ಕಾರ, ಕಾರ್ಯಕ್ರಮ ಭಾಳ ಚಲೋ ಆತ್ರಿ. ಮಗನ ಮದಿವಿಗೆ ಅಂಥಾವ ಫೇಟಾ ಬೇಕಾಗಿದ್ವು, ಎಲ್ಲಿ ಸಿಗತಾವು?’

೨. ಬೆರಳು

ಎರಡನೇ ವಾರ ಮೂಡಲಗಿಯ ಒಬ್ಬ ಹಾಡುಗಾರ. ಕಬ್ಬಿನ ಗಾಡಿ ಹೊಡಿಯೂದರ ಮ್ಯಾಲ ಸ್ವಂತ ಪದ ಕಟ್ಟಿದ್ದ. ಭಾಳ ಖಡಕ್ ಪದ. ‘ಒಬ್ಬರ ಬರ್ರಿ, ಖೋಲಿ ಸಣ್ಣದೈತಿ’ ಅಂತ ಮೂರು ಸಲ ಹೇಳಿದ್ನಿ. ಟಂಟಂ ಗಾಡಿ ತುಂಬ ಭಜನಿ ಮ್ಯಾಳಾನ ಬಂತು. ‘ದೋಸ್ತರನ್ನ ಬಿಟ್ಟು ಹೆಂಗ ಬರಬೇಕ್ರಿ?’

ಆತು, ಹಾಡ್ರಪಾ ಅಂದ್ನಿ. ಗಣಪತಿ ಸ್ತುತಿ ಎತ್ತಿದ್ರು. ಆಮ್ಯಾಲ ಸರಸ್ವತಿ ಸ್ತುತಿ, ಆಮ್ಯಾಲ ಗುರು ಸ್ತುತಿ. ದೇವರನ್ನ ನೆನಸೂಕಿಂತ ಮೊದಲ ಪದಕ್ಕ ಕೈ ಹಚ್ಚೂದು ಅವರ ಪದ್ಧತ್ಯಾಗಿಲ್ಲ. ಗಡಿಯಾರ ಓಡಾಕತ್ತಿತ್ತು, ನನ್ನ ಸಿಟ್ಟು ನೆತ್ತಿಗೇರಿತ್ತು. ಗಾಜಿನ ಆಚೀ ಕಡೆ ನಿಂತು ಬೆರಳು ಗರಗರ ತಿರುವಿದ್ನಿ. ನಮ್ಮ ಕಸಬಿನಾಗ ‘ಲಗೂನ ಮುಗಸ್ರಿ’ ಅಂತ ಅದರ ಅರ್ಥ. ಅವರ ಮ್ಯಾಳದಾಗ ‘ಇನ್ನೊಂದು ಸುತ್ತು ಹಾಡ್ರಿ’ ಅಂತ! ನಾ ತಿರುವಿದಷ್ಟೂ ಅವರು ಹಾಡಿದ್ರು. ಕಬ್ಬಿನ ಗಾಡಿ ಊರನ್ನ ಬಿಡಲಿಲ್ಲ.

ಹೊರಗ ಬಂದು ಹಾಡುಗಾರ ನನಗ ಕೈ ಮುಗದ. ‘ಅಕ್ಕಾರ, ನಿಮ್ಮಂಥಾ ಭಕ್ತಿವಂತರನ್ನ ನೋಡಿಲ್ರಿ. ಒಂದು ಸ್ತುತಿನೂ ಅರ್ಧಕ್ಕ ಬಿಡಗೊಡಲಿಲ್ಲ!’

೩. ಕೆಂಪು ದೀಪ

ಮೂರನೇ ವಾರ ಯಾರನ್ನೂ ಒಳಗ ಬಿಡಬಾರದು ಅಂತ ಬಾಗಲಕ್ಕ ಕೆಂಪು ದೀಪ ಹಚ್ಚಿಸಿದ್ನಿ. ಅತಿಥಿ ಹುಕ್ಕೇರಿಯವರ, ಜೈನರ ಮನಿ ಹೆಣ್ಮಗಳು, ಎಲ್ಲಾರೂ ಕಾಕೂ ಅಂತಿದ್ರು. ಕನ್ನಡ-ಮರಾಠಿ ಕೂಡಿಸಿ ಬೀಗರನ್ನ ಬೈಯೋ ಹಾಡು ಕಟ್ಟಿದ್ರು.

ಮೊದಲನೇ ಸಾಲು ಮುಗದಿತ್ತು. ಬಾಗಲಾ ತಗದು ನಮ್ಮ ಕೇಂದ್ರದ ಸಿಪಾಯಿ ಕಾಕಾ ಛಾದ ಕಪ್ಪು-ಬಶಿ ಹಿಡಕೊಂಡು ಬಂದ. ದೀಪ ಹತ್ತಿದ್ರ ಅತಿಥಿ ಬಂದಾರ, ಛಾ ಒಯ್ಯಬೇಕು ಅಂತ ಅವ ತಿಳಕೊಂಡಿದ್ದ.

ಕಾಕೂ ಹಾಡು ನಿಲ್ಲಿಸಿ, ‘ಬ್ಯಾಡ್ರಿ, ಹೊತ್ತು ಮುಳುಗಿದ ಮ್ಯಾಲ ನಾವು ಏನೂ ತಗೊಳ್ಳಂಗಿಲ್ಲ’ ಅಂದ್ರು.

‘ಎಲ್ಲಿ ಮುಳುಗೇತ್ರಿ? ತಡೀರಿ, ನೋಡಿ ಬರ್ತೇನಿ.’ ಹೊರಗ ಓಡಿದ. ನಾ ಕಾಕೂಗ ಕೈ ಸನ್ನಿ ಮಾಡಿ ಎರಡನೇ ಸಾಲಿಗೆ ಹಚ್ಚೂದಕ್ಕ ಅವ ತಿರುಗಿ ಬಂದು ಮೈಕಿನ ಮುಂದನ ಒದರಿದ. ‘ಇನ್ನ ಐತ್ರಿ! ಇಷ್ಟ ಐತಿ! ಲಗೂನ ಕುಡೀರಿ!’ ಕಾಕೂ ಹಾಡು ಬಿಟ್ಟು ಛಾ ಹಿಡದ್ರು. ಜೋಡಿ ಎರಡು ಬಿಸ್ಕೀಟೂ ತಿಂದ್ರು. ಆಮ್ಯಾಲ ಕೆಮ್ಮು ಹತ್ತಿತು, ನೀರು ಕುಡಿಯೋಣಂದ್ರ ಹೊತ್ತು ಮುಳುಗಿತ್ತು. ಅವತ್ತಿನ ಕಾರ್ಯಕ್ರಮದಾಗ ನೆಟ್ಟಗ ಕೇಳಿದ್ದು ಕೆಮ್ಮು ಒಂದ.

ಸಿಪಾಯಿ ಕಾಕಾಗ ಬಾಯಿಗೆ ಬಂದಂಗ ಬೈದ್ನಿ. ಅವ ಎಲ್ಲಾ ಕೇಳಿ, ‘ನಿಮಗೂ ಒಂದು ಕಪ್ ತರ್ಲೇನ್ರಿ?’ ಅಂದ.

೪. ಸವಾಲು

ಕಡೀ ಶನಿವಾರ. ಇದು ಕೆಟ್ರ ‘ಸ್ವಂತ ಹಾಡು’ ಸತ್ತಂಗ. ದಡ್ಡಿ ಅನ್ನೋ ಹಳ್ಳಿ ಕಡೆಯಿಂದ ಒಬ್ಬ ವಯಸ್ಸಾದ ಆಯಿನ್ನ ಕರಿಸಿದ್ನಿ. ಕುರಿ ಸಾಕಿದ ಮನಿತನ, ಹೆಂಗಸರ ಪಕ್ಷ ಹಿಡದು ಹಾಡೂದ್ರಾಗ ಹೆಸರಾದಾಕಿ. ಗಂಡಸರ ಪಕ್ಷದವರು ಸವಾಲು ಹಾಕಬೇಕು, ಆಯಿ ನಿಂತ ಕಾಲ ಮ್ಯಾಲ ಪದ ಕಟ್ಟಿ ಜವಾಬು ಕೊಡಬೇಕು, ಹಂಗ ಆ ಹಾಡಿನ ರೀತಿ. ನಾ ಎಂಥಾ ಹುಚ್ಚಿ ಅಂದ್ರ, ಆಯಿನ್ನ ಒಬ್ಬಾಕಿನ್ನ ಕರದಿದ್ನಿ.

‘ಎದುರಿನ ಮ್ಯಾಳ ಎಲ್ಲೈತಿ?’

‘ಇಲ್ಲಬೇ ಆಯಿ, ನೀ ಒಬ್ಬಾಕಿನ ಹಾಡು.’

‘ಸವಾಲು ಹಾಕೋರಿಲ್ದ ಯಾರಿಗೆ ಜವಾಬು ಕೊಡ್ಲಿ? ಗ್ವಾಡಿಗೇನು?’

ಕಾಲು ಹಿಡಕೊಂಡ್ನಿ. ಆಯಿ ಅಲಗಾಡಲಿಲ್ಲ. ರೇಡಿಯೋದಾಗ ಮೂರು ನಿಮಿಷ ಸಪ್ಪಳಿಲ್ಲ. ನನಗ ಅಳು ಬರೂದೊಂದ ಬಾಕಿ. ಅಷ್ಟ್ರಾಗ ಅಧ್ಯಕ್ಷರು ಬಾಗಲಾ ದೂಡಿ ಬಂದ್ರು. ಮೈಕು ಚಾಲೂ ಐತಿ ಅನ್ನೋ ಖಬರಿಲ್ಲ. ‘ಸಾಕು, ಬಂದ್ ಮಾಡ್ರಿ! ಹೆಣ್ಮಕ್ಕಳ ಕೈಯಾಗ ಇಂಥಾ ಕೆಲಸ ಕೊಟ್ಟದ್ದ ನಂದ ತಪ್ಪು!’

ಮೂರು ವಾರದ ಸಿಟ್ಟೆಲ್ಲಾ ಅವರ ಮಾರಿಗೆ ಹೊಡೀಬೇಕಂತ ನಾ ಬಾಯಿ ತಗದ್ನಿ. ಆಯಿ ನನ್ನ ಬಾಜೂಕ ಸರಿಸಿ ಎದ್ದು ನಿಂತಳು. ಮಾರಿ ಅರಳಿತ್ತು. ‘ಬಂತ ನೋಡು ಸವಾಲು!’ ಅಂದಾಕಿನ ಎತ್ತಿದಳು:

ಹೆಣ್ಣಿಗಿ ಕೆಲಸಾ ಕೊಟ್ಟೇನಿ ಅಂತಿ
ನಿನ್ನ ಹಡದಾಕಿ ಯಾರೋ?
ಒಂಬತ್ತು ತಿಂಗಳ ಹೊತ್ತ ಕೆಲಸಕ
ಪರವಾನಗಿ ಕೊಟ್ಟಾವ ಯಾರೋ?

ಅಧ್ಯಕ್ಷರು ‘ಏ ಆಯಿ, ನಾ ಹಂಗ ಅಂದಿಲ್ಲ’ ಅಂದ್ರ ಅದಕ್ಕೊಂದು ನುಡಿ. ‘ನಿಂದ್ರಸು’ ಅಂದ್ರ ಅದಕ್ಕೊಂದು. ಹೊಳ್ಳಿ ಹೊಂಟ್ರ ಅಂಗಿ ಹಿಡದು, ‘ಜವಾಬು ಮುಗಿಯೂದ್ರಾಗ ಎದ್ದು ಹೋದ್ರ ಸೋತಂಗ, ನೋಡ ಮತ್ತ’ ಅಂದಳು. ಊರೆಲ್ಲಾ ಕೇಳಾಕತ್ತೈತಿ, ಸೋಲಾಕ ಅಧ್ಯಕ್ಷರು ತಯಾರಿಲ್ಲ. ಇಪ್ಪತ್ತು ನಿಮಿಷ ಆಯಿ ಎದುರಿಗೆ ಬೆವತು ನಿಂತ್ರು. ನಾ ಜೀವನದಾಗ ಅಷ್ಟು ಚಲೋ ಹಾಡು ಕೇಳಿಲ್ಲ.

ಸೋಮವಾರ ಅಧ್ಯಕ್ಷರು ಕರದ್ರು. ಹೋಗ್ಲಿ, ನಾಕು ಮಾತು ಬೈದರ ಬರೋಣಂತ ಸೆರಗು ಸಿಗಿಸ್ಕೊಂಡ ಹೋದ್ನಿ. ಅವರು ಬಾಗಲಾ ಮುಚ್ಚಿ, ಸಣ್ಣ ದನಿಲೆ ಅಂದ್ರು: ‘ಈ ಶನಿವಾರ ಆ ಆಯಿನ್ನ ಮತ್ತ ಕರೀರಿ. ನಾನೂ ಬರ್ತೇನಿ.’ ಕಿಸೇದಾಗಿಂದ ಒಂದು ಹಾಳಿ ತಗದ್ರು. ಹನ್ನೊಂದು ನುಡಿ, ಎಲ್ಲಾ ಅವರ ಸ್ವಂತ ಕಟ್ಟಿದ್ವು.

ಸಿಟ್ಟು ಎಲ್ಲಿ ಇಡಬೇಕೋ ತಿಳೀಲಿಲ್ಲ. ‘ಆತ್ರಿ ಸರ. ಆದ್ರ ಆಯಿ ಒಬ್ಬಾಕಿನ ಆಗ್ತಾಳು. ಆಕಿಗೆ ಹಿಮ್ಮೇಳ ಬೇಕಲ್ರಿ?’ ಅಂದ್ನಿ.

ಅಧ್ಯಕ್ಷರು ಹಾಳಿ ಮಡಚಿ ಕಿಸೇಕ್ಕ ಹಾಕ್ಕೊಂಡ್ರು.

‘ಅದರ ಚಿಂತಿ ನಿಮಗ ಬ್ಯಾಡ್ರಿ. ನಮ್ಮ ಮನಿಯಾಕಿ, ಇಬ್ಬರು ಸೊಸ್ತೇರು ಆಯಿ ಪಕ್ಷ ಹಿಡದು ಶನಿವಾರದಿಂದ ತಾಲೀಮು ನಡಿಸ್ಯಾರ.’