ಗೆರಿ ಎಳದಾಕೀನ ಸೂಜಿ ಹಿಡೀಬೇಕು

ಬಾಗಲಾ ಮುಚ್ಚಿ ಹತ್ರ ಕುಂದರ್ರಿ. ನಾ ಹೇಳಿದ್ದು ಈ ಹೊಸ್ತಲಾ ದಾಟಬಾರದು. ನಮ್ಮ ಮಗ್ಗದೂರು ಇಚಲಕರಂಜಿಯೊಳಗ 'ಫಾಲ್ಟ್' ಅನ್ನೂ ಒಂದ ಮಾತು ನನ್ನ ತಲಿ ಎಷ್ಟ ಸಲ ತಿಂದೈತಿ ಅಂತೀರಿ!

ನಮ್ಮ ಫಾಲ್ಟ್

ಮೂವತ್ತ ವರ್ಷ ಮಗ್ಗದ ಬಟ್ಟಿ ತಪಾಸ ಮಾಡೇನಿ. ಬಟ್ಟಿ ಬೆಳಕಿಗೆ ಹಿಡಿಯೂದು, ಎಳಿ ತಪ್ಪಿದಲ್ಲಿ ಖಡುಲೆ, ಅಂದ್ರ ಸೀಮೆಸುಣ್ಣದ ತುಂಡಿಲೆ, ಬಿಳೇ ಗೆರಿ ಹೊಡಿಯೂದು. ಅದ ಫಾಲ್ಟ್. ಆದ್ರ ಗೆರಿ ಎಳದಾಕೀನ ಸೂಜಿ ಹಿಡದು ಎಳಿ ಕೂಡಿಸಬೇಕು. ಈ ಕಾಯ್ದೆ ಓಣಿಗೆಲ್ಲಾ ಸಾರಿದಾಕಿ ನಾನ. ಸುಮ್ನಿದ್ದಿದ್ರ ಚಲೋ ಇತ್ತು.

ವಾಯರಮನ್ನಂದು

ಕರೆಂಟ್ ಹೋತು. ವಾಯರಮನ್ ಬಂದು ಕಂಬಾ ನೋಡಿ, "ಆಯಿ, ಫಾಲ್ಟ್ ಐತ್ರಿ" ಅಂದಾ.

"ಹಂಗಾರ ತಗಿಯೋ."

"ಇಲ್ಲಿಲ್ಲರಿ, ಹಿಂದಿನ ಗಲ್ಲಿಯೊಳಗೈತಿ."

ಹಿಂದಿನ ಗಲ್ಲಿಗೆ ಹೋಗಿ ಕೇಳಿದ್ರ, ಅಲ್ಲಿ ನಮ್ಮ ಗಲ್ಲಿ ಹೆಸರ ಹೇಳಿ ಹೋಗ್ಯಾನ! ನಮ್ಮ ಫಾಲ್ಟ್ ಕುಂತಲ್ಲೇ ಕುಂದರತೈತಿ. ಇವಂದು ಊರ ತಿರಗತೈತಿ.

ಮಾಸ್ತರಂದು

ರಿಟಾಯರ್ಡ್ ಮಾಸ್ತರು ಚಾ ಕುಡೀತ, "ಅದು ಫ್ರೆಂಚರ ಮಾತು, ಇಂಗ್ಲಿಷಿಗೆ ಬಂತು, ಅಲ್ಲಿಂದ ನಮಗ ಬಂತು. ಭೂಕಂಪದ ಪಂಡಿತರು ನೆಲದಾಗಿನ ಬಿರುಕಿಗೂ ಫಾಲ್ಟ್ ಅಂತಾರ" ಅಂದ್ರು.

"ಅಲ್ಲರಿ ಮಾಸ್ತರ, ಬಿರುಕ ಹುಡುಕತಾರ ಖರೆ, ಹೊಲೀತಾರೇನು?"

ಅರ್ಧಾ ಚಾ ಬಿಟ್ಟ ಎದ್ದ ಹೋದ್ರು.

ಬಾಜೂ ಮನಿದು

ಈಗ ದನಿ ಇನ್ನೂ ಸಣ್ಣ ಮಾಡತೇನಿ. ಬಾಜೂ ಮನಿಯಾಕಿ ಮಗಳ್ನ ಗಡಹಿಂಗ್ಲಜ್‌ನವರು ಒಪ್ಪಿದ್ರು. ನಿಶ್ಚಯದ ದಿನ ಅತ್ತಿಯಾಗೂವಾಕಿ ತಾಟಿನಾಗ ರೇಶ್ಮಿ ಸೀರಿ ಇಟ್ಟಳು. ಹಿರೇ ಸೊಸಿಗೆ ಬಂದ ಹಳೇ ಸೀರೀನ ಅಂತ. ನೀವು ಯಾರ ಮುಂದೂ ಅನಬ್ಯಾಡ್ರಿ.

ನನ್ನ ಕೈ ಸುಮ್ನಿರಲಿಲ್ಲ. ಸೆರಗು ಕಿಡಕಿ ಬೆಳಕಿಗೆ ಹಿಡದೆ. "ಅಯ್ಯ, ಎರಡ ಎಳಿ ತಪ್ಪ್ಯಾವಲ್ಲ! ಸೆಕೆಂಡ್ ಮಾಲು!" ಅಂದೆ. ಅನ್ನೂದಷ್ಟ ಆಗಿದ್ರ ನಡೀತಿತ್ತು. ಎಲಿ ಅಡಿಕಿ ಚಂಚಿಯೊಳಗಿನ ಖಡು ತಗದು ಗೆರೀನೂ ಹೊಡದಬಿಟ್ಟೆ.

ಬೀಗರು ಸೀರಿ ಸಮೇತ ತಾಟ ಎತ್ತಿಕೊಂಡ ಎದ್ದ್ರು. "ಇಂಥಾ ಓಣಿ ಹೆಣ್ಣ ನಮಗ ಬ್ಯಾಡ!" ಹುಡಿಗಿ ಒಳಗ ಹೋಗಿ ಅಳಾಕ ಕುಂತಳು.

ಮರುದಿನ ಮುಂಜಾನೆ ಬಾಜೂ ಮನಿಯಾಕಿ ಬಂದು, ನನ್ನ ಕೈಯಾಗ ಸೂಜಿ ದಾರಾ ಇಟ್ಟು, ಮಾರಿ ನೋಡಿ ಅಂದಳು:

"ಕಾಕೂ, ಗೆರಿ ಎಳದಾಕೀನ ಹೊಲೀಬೇಕ ಅಂತಿದ್ರಲ್ಲ? ಹತ್ತಕ್ಕ ಗಡಹಿಂಗ್ಲಜ್ ಬಸ್ ಐತಿ, ಹತ್ರಿ. ಮೊದಲ ಸೀರಿ ಹೊಲೀರಿ, ಆಮ್ಯಾಲ ಬೀಗರ ಮನಸು ಹೊಲೀರಿ. ಬರೂಮುಂದ ದಾರಾ ಉಳದಿದ್ರ, ನಿಮ್ಮ ಬಾಯಿಗೂ ಎರಡ ಹೊಲಿಗಿ ಹಾಕ್ಕೊಂಡ ಬರ್ರಿ!"