ಜಾಲತಾಣದ ಪರೀಕ್ಷೆಯೂ ನನ್ನ ಬಾಯಿಯೂ

ನಾನು ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟು ಮನೆ ಬಿಟ್ಟ ದಿನವೇ ಏನಾದರೊಂದು ಆಗುತ್ತದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತಿದ್ದಾಗಲೂ ಹೀಗೆ, ನಿವೃತ್ತಿಯ ಮೇಲೂ ಹೀಗೆಯೇ.

೧. ನನಗೆ ಸಿಕ್ಕಿದ ಹುದ್ದೆ

ಉಡುಪಿಯಲ್ಲಿ ಹಿರಿಯರ ಹಕ್ಕುಗಳಿಗಾಗಿ ಹೋರಾಡುವ ವೇದಿಕೆಯೊಂದುಂಟು. ಬಸ್ಸಿನ ಮೆಟ್ಟಿಲು ಎತ್ತರ, ಕಚೇರಿಗೆ ಇಳಿಜಾರು ದಾರಿ ಇಲ್ಲ, ಇಂಥ ದೂರುಗಳನ್ನು ಪಡೆದು ಮೇಲಿನವರ ಬೆನ್ನು ಹತ್ತುವುದು ಅದರ ಕೆಲಸ. ನಾನೂ ಸದಸ್ಯ. ದೂರು ಕೊಡಲು ಇಂಗ್ಲಿಷಿನಲ್ಲಿ ಒಂದು ವೆಬ್‌ಸೈಟ್ ಇತ್ತು. ಎರಡು ವರ್ಷದಲ್ಲಿ ಒಂದೂ ದೂರು ಬಂದಿರಲಿಲ್ಲ. ನಮ್ಮ ಅಧ್ಯಕ್ಷರಿಗೆ ಅದೇ ಹೆಮ್ಮೆ. “ನೋಡಿ, ಜಿಲ್ಲೆಯಲ್ಲಿ ಹಿರಿಯರೆಲ್ಲ ಎಷ್ಟು ಸುಖವಾಗಿದ್ದಾರೆ!”

ಮಣಿಪಾಲದ ಡಿಸೈನರ್ ಹುಡುಗಿಯೊಬ್ಬಳು ನಾಲ್ಕು ತಿಂಗಳು ಕೂತು ಕನ್ನಡದಲ್ಲಿ ಹೊಸದೊಂದನ್ನು ಮಾಡಿಕೊಟ್ಟಳು. ಅಧ್ಯಕ್ಷರು ಷರತ್ತು ಹಾಕಿದರು: ಭಾನುವಾರದ ಮೀಟಿಂಗಿನೊಳಗೆ ಒಬ್ಬರಾದರೂ ಹಿರಿಯರು ಯಾರ ಸಹಾಯವೂ ಇಲ್ಲದೆ ದೂರು ಕಳಿಸಬೇಕು, ಇಲ್ಲವಾದರೆ ಹಳೆಯದೇ ಇರಲಿ.

ಶನಿವಾರ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. “ಅಂಕಲ್, ನಿಮಗೆ ಎಲ್ಲರ ಮನೆಯೂ ಗೊತ್ತು. ದಾರಿ ತೋರಿಸಬೇಕು. ಬಾಯಿ ಮಾತ್ರ ತೆರೆಯಬಾರದು.”

“ಅವರು ಎಡವಿದರೆ?”

“ಎಡವಲಿ. ಎಲ್ಲಿ ಎಡವುತ್ತಾರೆ ಅಂತ ನೋಡಲಿಕ್ಕೇ ನಾವು ಹೋಗುವುದು.”

ಎಂಥಾ ಮಾತು! ನಾನು ತಲೆದೂಗಿದೆ. ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: “ಇವರನ್ನು ಸುಮ್ಮನೆ ಕೂರಿಸುವ ವೆಬ್‌ಸೈಟ್ ಉಂಟಾ ಮಗಾ? ಇದ್ದರೆ ಮೊದಲು ನನಗೊಂದು ಕೊಡು.”

೨. ಕಾಪು

ಕಾಪುವಿನಲ್ಲಿ ನನ್ನ ಹಳೆಯ ಪರಿಚಯದ ಬ್ಯಾರಿ ಸಾಹೇಬರು. ಗಲ್ಫಿನಿಂದ ಬಂದು ಅಂಗಡಿ ಇಟ್ಟವರು. ಬಸ್ಸಿನ ಮೆಟ್ಟಿಲಿನ ಮೇಲೆ ಅವರಿಗೆ ಹಳೆಯ ಸಿಟ್ಟು. ಹುಡುಗಿ ಕೊಟ್ಟ ಫೋನಿನಲ್ಲಿ ಹೆಸರು, ಊರು, ದೂರು ಎಲ್ಲ ಚಕಚಕ ಬರೆದರು. ಕಳಿಸುವ ಬಟನ್ ಮಾತ್ರ ಕಾಣಲಿಲ್ಲ. ಅವರ ಬೆರಳು ವಿಳಾಸವಿಲ್ಲದ ಕಾಗದದ ಹಾಗೆ ಸುತ್ತಿತು. ನಾನು ತುಟಿ ಕಚ್ಚಿ ಹಿಡಿದೆ. ಬಾಯಿ ತೆರೆಯಲೇ ಇಲ್ಲ. ಬೆರಳು ಮಾತ್ರ ತಾನಾಗಿ ಹೋಗಿ ಬಟನ್ ಒತ್ತಿಬಿಟ್ಟಿತು.

“ಅಂಕಲ್! ಇದು ಲೆಕ್ಕಕ್ಕಿಲ್ಲ!”

“ನಾನು ಮಾತಾಡಿದೆನಾ?”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. “ಬಿಡು ಮಗಳೇ. ಪೋಸ್ಟ್ ಮಾಸ್ಟ್ರು ಕೌಂಟರಿನಲ್ಲೂ ಹೀಗೆಯೇ. ನನ್ನ ಫಾರಂ ಅವರೇ ಬರೆದು, ಅವರೇ ಓದಿ, ತಪ್ಪು ಉಂಟು ಅಂತ ನನಗೇ ಬೈದು ವಾಪಸ್ ಕೊಡುತ್ತಿದ್ದರು!”

೩. ಕಾರ್ಕಳದ ಟೀಚರ್

ಕಾರ್ಕಳದಲ್ಲಿ ಕೊಂಕಣಿ ಮನೆಮಾತಿನ ನಿವೃತ್ತ ಟೀಚರ್. ಮೊದಲು ಪುನರ್ಪುಳಿ ಶರಬತ್ತು ಕೊಟ್ಟರು, ಆಮೇಲೆ ಫೋನ್ ಹಿಡಿದರು. ಎರಡನೇ ಪುಟದಲ್ಲಿ ಹತ್ತು ನಿಮಿಷ ಸಿಕ್ಕಿಬಿದ್ದು, ಕೊನೆಗೆ ಫೋನ್ ವಾಪಸ್ ಕೊಟ್ಟು, “ತುಂಬಾ ಚಂದ ಉಂಟು ಮಗಾ” ಅಂದರು.

“ಎಲ್ಲಿ ತೊಂದರೆ ಆಯಿತು ಟೀಚರ್?”

“ತೊಂದರೆಯಾ? ಎಂತದೂ ಇಲ್ಲ.”

“ಆದರೆ ದೂರು ಹೋಗಲಿಲ್ಲವಲ್ಲ?”

“ಅದು ನನ್ನ ಕಣ್ಣಿನ ದೋಷ.”

ಮನೆಗೆ ಬಂದ ಹುಡುಗಿಯ ಕೆಲಸದಲ್ಲಿ ತಪ್ಪು ಹುಡುಕುವುದುಂಟೇ? ನಮ್ಮ ಕಡೆ ಇಲ್ಲ. ಹುಡುಗಿ ಒಂದು ಗಳಿಗೆ ಯೋಚಿಸಿ, ದನಿ ತಗ್ಗಿಸಿ ಹೇಳಿದಳು: “ಸತ್ಯ ಹೇಳ್ತೇನೆ ಟೀಚರ್. ಇದು ನಾನು ಮಾಡಿದ್ದಲ್ಲ. ಬೆಂಗಳೂರಿನ ಯಾವುದೋ ಕಂಪೆನಿಯದ್ದು.”

“ಹಾಗಾ! ಮೊದಲೇ ಹೇಳಬಾರದಾ ಮಾರಾಯ್ತಿ?” ಟೀಚರ್ ಕನ್ನಡಕ ಒರೆಸಿ, ಕೆಂಪು ಪೆನ್ನು ತೆಗೆದರು. ಅಕ್ಷರ ಇರುವೆ ಹೋದ ಹಾಗೆ ಉಂಟು. ಬಟನ್ ಬೂದಿ ಬಣ್ಣ, ಯಾರಿಗೆ ಕಾಣುತ್ತದೆ? ದೂರು ಬರೆಯುವ ಜಾಗಕ್ಕಿಂತ ಮೊದಲು ಅಧ್ಯಕ್ಷರ ಇಷ್ಟು ದೊಡ್ಡ ಫೋಟೋ ಯಾಕೆ? ಹನ್ನೊಂದು ತಪ್ಪು! ಹುಡುಗಿ ಮುಖ ಬಾಡಿಸದೆ ಎಲ್ಲವನ್ನೂ ಬರೆದುಕೊಂಡಳು.

ಟೀಚರ್ ಕೊನೆಗೆ ಮಾರ್ಕ್ಸನ್ನೂ ಹಾಕಿದರು. “ನೂರಕ್ಕೆ ಮೂವತ್ತನಾಲ್ಕು. ಒಂದು ಮಾರ್ಕಿನಲ್ಲಿ ಫೇಲ್. ನೀನೇ ಮಾಡಿದ್ದಾಗಿದ್ದರೆ ಪಾಸ್ ಮಾಡುತ್ತಿದ್ದೆ.”

೪. ಅಜೆಕಾರಿನ ಕೊನೆಯ ಮನೆ

ಕಾರ್ಕಳ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲೇ ಹುಡುಗಿ ಲ್ಯಾಪ್‌ಟಾಪ್ ಬಿಚ್ಚಿದಳು. ನಾನು ಎರಡು ಚಹಾ ಕುಡಿದು ಬರುವಷ್ಟರಲ್ಲಿ ಅಕ್ಷರ ದೊಡ್ಡದಾಗಿತ್ತು, ಬಟನ್ ಗಿಳಿಹಸಿರಾಗಿತ್ತು, ಅಧ್ಯಕ್ಷರು ಕೊನೆಯ ಪುಟಕ್ಕೆ ಹೋಗಿದ್ದರು. ಭೇಷ್ ಎಂದೆ.

“ಭೇಷ್ ಆಮೇಲೆ ಅಂಕಲ್. ಇನ್ನು ಇರುವುದು ಒಂದೇ ಮನೆ. ವೆಬ್‌ಸೈಟಿನ ಬಗ್ಗೆ ಒಂದಕ್ಷರ ಆಡಿದರೂ ನನ್ನ ನಾಲ್ಕು ತಿಂಗಳು ನೀರಿಗೆ.”

ಅಜೆಕಾರಿನಲ್ಲಿ ಒಬ್ಬರು ಅಕ್ಕ, ಬೀಡಿ ಕಟ್ಟುತ್ತಿದ್ದವರು, ಈಗ ಎಪ್ಪತ್ತು ದಾಟಿದೆ. ಹುಡುಗಿ ಫೋನ್ ಕೊಟ್ಟು, “ನಿಮಗೆ ಈಗ ಎಂತ ತೊಂದರೆ ಉಂಟೋ ಅದನ್ನೇ ಬರೆಯಿರಿ” ಎಂದಳು. ನಾನು ಎರಡೂ ಕೈಗಳ ಮೇಲೆ ಕೂತೆ. ವೆಬ್‌ಸೈಟಿನ ಸುದ್ದಿ ಎತ್ತಲೇ ಇಲ್ಲ. ಅಕ್ಕನ ದನದ ಬಗ್ಗೆ ಕೇಳಿದೆ, ಭತ್ತದ ಬಗ್ಗೆ ಹೇಳಿದೆ, ಅವರ ಮೊಮ್ಮಗಳಿಗೆ ಅಲೆವೂರಿನಲ್ಲಿ ಒಂದು ಗಂಡು ಉಂಟೆಂದೆ. ಅಕ್ಕ ತಲೆ ಎತ್ತದೆ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದರು. ಕೊನೆಗೆ ಹಸಿರು ಬಟನ್ ಒತ್ತಿದರು. ‘ನಿಮ್ಮ ದೂರು ತಲುಪಿದೆ’ ಎಂದು ಬಂತು.

“ಹೋಯಿತು! ಯಾರೂ ಸಹಾಯ ಮಾಡಲಿಲ್ಲ ಅಲ್ವಾ?” ಹುಡುಗಿ ಕುಣಿದಳು.

“ಸಹಾಯವಾ!” ಅಕ್ಕ ನನ್ನನ್ನು ನೋಡಿದರು.

ಹುಡುಗಿ ಗಟ್ಟಿಯಾಗಿ ಓದಿದಳು. ತೊಂದರೆ ಏನು? ‘ಬಂದ ಪೋಸ್ಟ್ ಮಾಸ್ಟ್ರು ಮಾತು ನಿಲ್ಲಿಸುವುದಿಲ್ಲ.’ ಎಷ್ಟು ಸಮಯದಿಂದ? ‘ಅರ್ಧ ಗಂಟೆಯಿಂದ.’ ಬೇಕಾದ ಪರಿಹಾರ? ‘ಹೊರಗೆ ಕೂರಿಸಿ.’

ಭಾನುವಾರ ಅಧ್ಯಕ್ಷರು ಅದನ್ನೇ ಸಭೆಯಲ್ಲಿ ಓದಿ, ಚಪ್ಪಾಳೆಯ ನಡುವೆ ಹೊಸ ಜಾಲತಾಣವನ್ನು ಬಿಡುಗಡೆ ಮಾಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು.

ಸಂಜೆಯೊಳಗೆ ಎರಡನೆಯ ದೂರೂ ಬಂತು, ಅದೂ ಯಾರ ಸಹಾಯವೂ ಇಲ್ಲದೆ. ತೊಂದರೆ ಅದೇ. ಎಷ್ಟು ಸಮಯದಿಂದ ಎಂಬಲ್ಲಿ ‘ನಲವತ್ತೆರಡು ವರ್ಷದಿಂದ’ ಎಂದಿತ್ತು. ವಿಳಾಸ ನಮ್ಮ ಮನೆಯದ್ದೇ.