ಕೂರಬಾರದ ಕುರ್ಚಿ

ಬೆಳಿಗ್ಗೆ ಆರು ಗಂಟೆಗೆ ಕೆಂಚಯ್ಯನವರು ಕುರ್ಚಿಯ ಮೇಲೆ ಕುಳಿತರು.

ಹಲ್ಲುಜ್ಜುತ್ತಿದ್ದ ಧರ್ಮೇಶ ಬ್ರಶ್ಶನ್ನು ಬಾಯಲ್ಲೇ ಕಚ್ಚಿಕೊಂಡು ಜಗುಲಿಗೆ ಓಡಿ ಬಂದ. ಅಷ್ಟರಲ್ಲಿ ಕೆಂಚಯ್ಯನವರು ಬೆನ್ನು ಒರಗಿಸಿ, ಕಾಲ ಮೇಲೆ ಕಾಲು ಹಾಕಿ, ಕಾಫಿಗೆ ಕಾಯತೊಡಗಿದ್ದರು. ಅವರು ಪಕ್ಕದ ಮನೆಯವರು, ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಬೆಳಗಿನ ಮೊದಲ ಕಾಫಿಯನ್ನು ಅವರು ಈ ಜಗುಲಿಯಲ್ಲಿ ಕುಡಿಯುವುದು ಕಳಸದ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಜಗುಲಿಯಲ್ಲಿ ಕುರ್ಚಿ ಇದ್ದರೆ ಅದು ಕೂರುವುದಕ್ಕೇ ಇರುತ್ತದೆ ಎಂದು ಅವರು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಆ ಕುರ್ಚಿ ರಟ್ಟಿನದು. ಪೂರ್ತಿ ರಟ್ಟಿನದೇ.

ಧರ್ಮೇಶ ಚಿಕ್ಕಮಗಳೂರಿನ ಡಿಸೈನ್ ಕಾಲೇಜೊಂದರಲ್ಲಿ ಐದನೇ ಸೆಮಿಸ್ಟರ್ ಓದುತ್ತಿದ್ದ. ಸೆಮಿಸ್ಟರಿನ ಕೊನೆಯಲ್ಲಿ ಹೊರಗಿನ ಪರೀಕ್ಷಕರು ಬಂದು ವಿದ್ಯಾರ್ಥಿಗಳ ಕೆಲಸ ನೋಡಿ ಅಂಕ ಕೊಡುತ್ತಾರೆ. ಅದಕ್ಕೆ ಜ್ಯೂರಿ ಎಂದು ಹೆಸರು. ಈ ಸಲದ ಜ್ಯೂರಿಗೆ ರಟ್ಟಿನಿಂದ ಕುರ್ಚಿ ಮಾಡಿ ತರಬೇಕಿತ್ತು. ಗೋಂದು, ಮೊಳೆ, ದಾರ, ಟೇಪು ಯಾವುದನ್ನೂ ಮುಟ್ಟುವಂತಿಲ್ಲ. ಒಂದು ರಟ್ಟನ್ನು ಸೀಳಿ ಇನ್ನೊಂದಕ್ಕೆ ಸಿಕ್ಕಿಸಿಯೇ ನಿಲ್ಲಿಸಬೇಕು. ಅದರ ಮೇಲೆ ಪರೀಕ್ಷಕರು ಕೂರುತ್ತಾರೆ. ಒಟ್ಟು ಅಂಕದಲ್ಲಿ ಅರ್ಧ ಅದಕ್ಕೇ.

ಹಿಂದಿನ ಸೆಮಿಸ್ಟರಿನಲ್ಲಿ ಧರ್ಮೇಶ ಮಾಡಿದ್ದ ಮೇಜಿನ ದೀಪ ಜ್ಯೂರಿಯ ಎದುರಿಗೇ ಹೊಗೆಯಾಡಿತ್ತು. ಆ ವಿಷಯದಲ್ಲಿ ಅವನು ಇನ್ನೂ ಪಾಸಾಗಬೇಕಿತ್ತು. ಈ ಕುರ್ಚಿಯೂ ಕೈಕೊಟ್ಟರೆ ಆರನೇ ಸೆಮಿಸ್ಟರಿಗೆ ಪ್ರವೇಶವಿಲ್ಲ. ಒಂದು ವರ್ಷ ಮನೆಯಲ್ಲಿ ಕೂರಬೇಕು.

ಅವನ ಅಪ್ಪ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಫ್ರಿಜ್ಜು, ವಾಷಿಂಗ್ ಮಷೀನು ಬಂದ ಪೆಟ್ಟಿಗೆಗಳನ್ನು ಅಲ್ಲಿಂದ ಹೊತ್ತು ತಂದಿದ್ದರು. ಅದೇ ವಾರ ವರದಿ, ನಕ್ಷೆ, ಪೋರ್ಟ್‌ಫೋಲಿಯೊ ಎಲ್ಲವನ್ನೂ ಒಪ್ಪಿಸಬೇಕಿದ್ದುದರಿಂದ ಧರ್ಮೇಶನ ಕಣ್ಣುಗಳು ಕೊಯ್ಲಿಗೆ ಬಂದ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮೊದಲು ಮಾಡಿದ ಕುರ್ಚಿ ಬೆಕ್ಕು ಹಾರಿದ್ದಕ್ಕೇ ಮಲಗಿತು. ಎರಡನೆಯದು ಅವನೇ ಕೂತಾಗ ಮಲಗಿತು. ಮೂರನೆಯದು ಇದು. ಇನ್ನೊಂದು ಮಾಡಲು ಮನೆಯಲ್ಲಿ ರಟ್ಟಿರಲಿಲ್ಲ. ಒಮ್ಮೆ ಬಾಗಿದ ರಟ್ಟು ಮತ್ತೆ ನೆಟ್ಟಗಾಗುವುದಿಲ್ಲ ಎಂದು ಅರುಣಾ ಮೇಡಂ ತರಗತಿಯಲ್ಲಿ ಹೇಳಿದ್ದರು. ಹಾಗಾಗಿ ಪರೀಕ್ಷಕರ ಹೊರತು ಯಾರೂ ಇದರ ಮೇಲೆ ಕೂರಬಾರದೆಂದು ಧರ್ಮೇಶ ತೀರ್ಮಾನಿಸಿದ್ದ. ಅವನೂ ಕೂತಿರಲಿಲ್ಲ.

"ಮೇಸ್ತ್ರಿಗಳೇ, ಸ್ವಲ್ಪ ಎದ್ದೇಳ್ತೀರಾ?" ಎಂದ.

ಒಳಗಿನಿಂದ ಅಮ್ಮನ ದನಿ ಬಂತು. "ಮನೆಗೆ ಬಂದೋರನ್ನ ಎಬ್ಬಿಸ್ತಾರೇನೋ? ಕೂತ್ಕೊಳ್ಳಿ ನೀವು. ಹಾಲು ಕಾಯ್ತಾ ಇದೆ."

"ಅಮ್ಮ, ಅದು ಕುರ್ಚಿ ಅಲ್ಲ."

"ಮತ್ತೆಂಥದ್ದು?"

"ಪರೀಕ್ಷೆ."

ಕೆಂಚಯ್ಯನವರು ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿ ನೋಡಿದರು. "ಪರೀಕ್ಷೆ ಚೆನ್ನಾಗಿದೆ ಮಾರಾಯ. ಸೊಂಟಕ್ಕೆ ಸರಿ ಕೂರ್ತದೆ."

ಅವರು ಕಾಫಿ ಕುಡಿದರು. ಅಮ್ಮ ಇನ್ನರ್ಧ ಲೋಟ ಹಾಕಿದಳು. ಅದನ್ನೂ ಕುಡಿದರು. ಏಳುವಾಗ ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಊರಿ ಎದ್ದರು. ಕಿರ್ ಎಂದು ಸಣ್ಣ ಸದ್ದಾಯಿತು. ಧರ್ಮೇಶ ಮೊಣಕಾಲೂರಿ, ಕರು ಹಾಕಿದ ಹಸುವನ್ನು ನೋಡುವಂತೆ ಕುರ್ಚಿಯ ಸುತ್ತಲೂ ನೋಡಿದ. ಎಲ್ಲೂ ಬಾಗಿರಲಿಲ್ಲ. ಕೆಂಚಯ್ಯನವರು ಹೇಗೂ ಒಣಕಲು ಆಳು ಎಂದು ಸಮಾಧಾನ ಮಾಡಿಕೊಂಡ.

ಜ್ಯೂರಿ ಅಂದೇ ಇತ್ತು. ಚಿಕ್ಕಮಗಳೂರಿನ ಬಸ್ಸಿನ ಹತ್ತಿರ ಎರಡನೆಯ ತೊಡಕು ಎದುರಾಯಿತು. ಕಂಡಕ್ಟರ್ ಉಬೈದ್ ಕುರ್ಚಿಯನ್ನು ಮೇಲೆ ಹಾಕಬೇಕೆಂದ. ಡಿಸೆಂಬರಿನ ಇಬ್ಬನಿಗೆ ಬಸ್ಸಿನ ನೆತ್ತಿ ಆಗಷ್ಟೇ ತೊಳೆದಂತೆ ಒದ್ದೆಯಾಗಿತ್ತು.

"ಒದ್ದೆಯಾದ್ರೆ ಹೋಯ್ತು ಅಣ್ಣ. ಒಳಗೇ ಇಟ್ಕೊಳ್ತೀನಿ."

"ಒಳಗೆ ಇಟ್ರೆ ಅದು ಲಗೇಜಲ್ಲ ಮಾರಾಯ, ಸೀಟು. ಯಾರಾದ್ರೂ ಕೂತ್ರೆ ನಾನು ಎಬ್ಬಿಸಲ್ಲ. ಮೊದಲೇ ಹೇಳಿದ್ದೀನಿ."

ಧರ್ಮೇಶ ಒಪ್ಪಿದ. ಬಸ್ಸಿನ ನಡುವೆ, ಬಾಗಿಲಿಗೆ ಅಡ್ಡವಾಗದ ಜಾಗದಲ್ಲಿ ಕುರ್ಚಿ ಇಟ್ಟು, ಅದರ ಬೆನ್ನು ಹಿಡಿದು ಪಕ್ಕದಲ್ಲಿ ನಿಂತ. ಖಾಲಿ ಕುರ್ಚಿಯನ್ನು ಹಿಡಿದುಕೊಂಡು ನಿಂತಿರುವ ಹುಡುಗನನ್ನು ಸೀಟು ಸಿಗದ ಜನ ಮಾಗುಂಡಿಯ ತನಕ ಸಹಿಸಿದರು.

ಮಾಗುಂಡಿಯಲ್ಲಿ ದೇವೀರಮ್ಮ ಎಂಬ ಅಜ್ಜಿ ಹತ್ತಿದರು. ಮಂಡಿನೋವಿಗೆ ಚಿಕ್ಕಮಗಳೂರಿನ ಡಾಕ್ಟರಿಗೆ ತೋರಿಸಲು ಹೊರಟವರು. ಡಾಕ್ಟರಿಗೆ ಕೊಡಲೆಂದು ಒಂದು ಚೀಲ ಕಿತ್ತಳೆಯೂ ಜೊತೆಗಿತ್ತು. ಅವರು ಬಸ್ಸಿನ ಆ ತುದಿ ಈ ತುದಿ ನೋಡಿದರು. ನಂತರ ಯಾರನ್ನೂ ಕೇಳದೆ ಕುರ್ಚಿಯ ಮೇಲೆ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

"ಅಜ್ಜಿ, ಇದು ರಟ್ಟಿಂದು. ಮುರಿದ್ರೆ ನೀವು ಬೀಳ್ತೀರಿ."

"ನಿಂತ್ರೂ ಬೀಳ್ತೀನಿ ಮಗ. ಕೂತೇ ಬೀಳ್ತೀನಿ ಬಿಡು."

"ಅದಲ್ಲ ಅಜ್ಜಿ, ಇದು ನನ್ನ ಪರೀಕ್ಷೆದು."

"ಓದು ಮತ್ತೆ. ನಾನೆಂಥ ಬೇಡ ಅಂದ್ನಾ?"

ಬಸ್ಸಿನವರೆಲ್ಲ ಧರ್ಮೇಶನನ್ನು ನೋಡಿದರು. ಮಂಡಿನೋವಿನ ಅಜ್ಜಿಯನ್ನು ಎಬ್ಬಿಸಿ ರಟ್ಟನ್ನು ಉಳಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಬಾಳೆಹೊನ್ನೂರಿನವರೆಗಿನ ಒಂದೊಂದು ತಿರುವಿನಲ್ಲೂ ಅವನು ತೊಟ್ಟಿಲು ಹಿಡಿದವನಂತೆ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸು ವಾಲಿದ ಕಡೆಗೆ ತಾನೂ ವಾಲಿದ. ಕಿಟಕಿಯ ಪಕ್ಕದಲ್ಲಿದ್ದವರೊಬ್ಬರು ಬಗ್ಗಿ ಕುರ್ಚಿಯ ಅಡಿಯನ್ನು ಪರಿಶೀಲಿಸಿದರು.

"ಇಲ್ಲೊಂದು ಮೊಳೆ ಹೊಡೆದಿದ್ರೆ ಗಟ್ಟಿ ಆಗ್ತಿತ್ತು."

"ಮೊಳೆ ಹೊಡೆಯೋ ಹಾಗಿಲ್ಲ."

"ಯಾಕೆ?"

"ಹೊಡೆದ್ರೆ ಫೇಲು."

"ಕುರ್ಚಿಗೆ ಮೊಳೆ ಹೊಡೆದ್ರೆ ಫೇಲು ಮಾಡ್ತಾರಾ?" ಅವರು ಪಕ್ಕದವರ ಕಡೆ ತಿರುಗಿದರು. "ಇದಕ್ಕೆ ಫೀಸು ಬೇರೆ ಕಟ್ಟಿರ್ತಾರೆ, ನೋಡಿ."

ಬಾಳೆಹೊನ್ನೂರು ದಾಟಿ ಸ್ವಲ್ಪ ದೂರಕ್ಕೆ ಬಸ್ಸಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಎಲ್ಲರೂ ಇಳಿದರು. ಕುರ್ಚಿಯೂ ಇಳಿಯಿತು. ರಸ್ತೆಯ ಬದಿಯ ಸಿಲ್ವರ್ ಓಕ್ ಮರದಡಿ ಅದನ್ನಿಟ್ಟು ಧರ್ಮೇಶ ಮತ್ತೆ ಬಗ್ಗಿ ನೋಡಿದ. ಅಜ್ಜಿ, ಕಿತ್ತಳೆ, ಅಷ್ಟು ತಿರುವುಗಳು. ಆದರೂ ಒಂದು ಅಂಚೂ ಮಡಚಿರಲಿಲ್ಲ. ಅವನಿಗೆ ಮೊದಲ ಬಾರಿಗೆ ಹೆದರಿಕೆಯ ಬದಲು ಆಶ್ಚರ್ಯವಾಯಿತು.

ಆಗ ಜಯಪ್ರಕಾಶ್ ಅವರು ಹತ್ತಿರ ಬಂದರು. ಅವರು ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಒಬ್ಬರೇ ಕೂತಿದ್ದರು. ಯಾರೂ ಆಕ್ಷೇಪಿಸಿರಲಿಲ್ಲ, ಏಕೆಂದರೆ ಅಲ್ಲಿ ಇನ್ನೊಬ್ಬರಿಗೆ ಜಾಗ ಉಳಿದಿರಲಿಲ್ಲ.

"ತಮ್ಮಾ," ಎಂದು ಅವರು ಮೆಲ್ಲಗೆ ಕೇಳಿದರು, "ಬೇಜಾರು ಇಲ್ಲ ಅಂದ್ರೆ ನಾನೊಂದು ಐದು ನಿಮಿಷ ಕೂರ್ಲಾ? ಬೇಡ ಅಂದ್ರೆ ಬೇಡ."

ಆ ದಿನ ಅಪ್ಪಣೆ ಕೇಳಿದ ಮೊದಲಿಗರು ಅವರೇ. ಹಾಗೆ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆಂದು ಧರ್ಮೇಶನಿಗೆ ತಿಳಿಯಲಿಲ್ಲ. ಬಾಯಿ ತಾನಾಗಿ "ಕೂತ್ಕೊಳ್ಳಿ ಸರ್" ಎಂದುಬಿಟ್ಟಿತು.

ಜನ ಸುತ್ತ ನಿಂತರು. ಜಾಕ್ ತಿರುಗಿಸುತ್ತಿದ್ದ ಡ್ರೈವರ್ ಕೈ ನಿಲ್ಲಿಸಿದ. ಜಯಪ್ರಕಾಶ್ ಅವರು ತಣ್ಣೀರಿಗೆ ಇಳಿಯುವವರಂತೆ ಉಸಿರು ಬಿಗಿಹಿಡಿದು ಸ್ವಲ್ಪ ಸ್ವಲ್ಪವಾಗಿ ಇಳಿದರು. ಕುರ್ಚಿ ಒಮ್ಮೆ ನರಳಿತು. ನಂತರ ಸುಮ್ಮನಾಯಿತು. ಅವರು ಹಿಡಿದಿದ್ದ ಉಸಿರು ಬಿಟ್ಟರು. ಕುರ್ಚಿ ಹಾಗೇ ಇತ್ತು.

"ನಮ್ಮ ಬಸ್ಸಿನ ಸೀಟಿಗಿಂತ ಇದೇ ವಾಸಿ," ಎಂದ ಉಬೈದ್.

ದೇವೀರಮ್ಮ ಹತ್ತಿರ ಬಂದು, ಇದು ಮೊದಲು ತಾನು ಕೂತ ಕುರ್ಚಿ ಎಂದು ಎಲ್ಲರಿಗೂ ತಿಳಿಸಿದರು. ಹೋಗುವವರು ಬರುವವರು ಕೈಯಿಂದ ಒತ್ತಿ ನೋಡಿದರು. ಧರ್ಮೇಶ ಜೇಬಿನಿಂದ ಫೋನ್ ತೆಗೆದು, ಕೂತಿದ್ದ ಜಯಪ್ರಕಾಶ್ ಅವರ ಫೋಟೊ ಹೊಡೆದ. ಮುಂದಿನ ದಾರಿಯಲ್ಲಿ ಅವನು ಬೇರೆಯೇ ಮನುಷ್ಯನಾಗಿದ್ದ. ಆಲ್ದೂರಿನಲ್ಲಿ ಹತ್ತಿದವರನ್ನು "ಬನ್ನಿ, ಕೂತ್ಕೊಳ್ಳಿ, ಏನೂ ಆಗಲ್ಲ" ಎಂದು ತಾನೇ ಕರೆದ. ಒಬ್ಬರು ಎದ್ದರೆ ಇನ್ನೊಬ್ಬರು ಕೂತರು. ತಾನೂ ಒಮ್ಮೆ ಕೂತು ನೋಡಬೇಕೆಂದು ಅವನಿಗೆ ಎರಡು ಸಲ ಅನ್ನಿಸಿತು. ಎರಡು ಸಲವೂ ಕುರ್ಚಿ ಖಾಲಿ ಇರಲಿಲ್ಲ.

ಕಾಲೇಜಿನಲ್ಲಿ ಅಂದಿನ ಸ್ಥಿತಿ ಚೆನ್ನಾಗಿರಲಿಲ್ಲ. ಹೊರಗಿನ ಪರೀಕ್ಷಕರಾಗಿ ಬಂದಿದ್ದ ಪ್ರಸನ್ನಕುಮಾರ್ ಅವರು ಬೆಳಗಿನಿಂದ ಎರಡು ಕುರ್ಚಿಗಳ ಮೇಲೆ ಕೂತು ಎರಡು ಸಲ ನೆಲ ಕಂಡಿದ್ದರು. ಮೂರನೆಯ ಕುರ್ಚಿ ಚೆನ್ನಾಗಿ ತಡೆದುಕೊಂಡಿತ್ತು, ಆದರೆ ತಲೆಕೆಳಗು ಮಾಡಿದಾಗ ಅದರೊಳಗೆ ಕಿಟಕಿಯ ಸರಳೊಂದು ಸಿಕ್ಕಿತ್ತು. ಧರ್ಮೇಶನ ಸರದಿ ಬರುವ ಹೊತ್ತಿಗೆ ಅವರು ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಯಾವ ಕುರ್ಚಿಯನ್ನೂ ನಂಬದ ಮನುಷ್ಯರಾಗಿ ನಿಂತಿದ್ದರು.

"ಇದರ ಮೇಲೆ ಯಾರಾದರೂ ಕೂತು ನೋಡಿದ್ದಾರಾ?" ಎಂದು ಕೇಳಿದರು.

ಇಲ್ಲ ಸರ್ ಎಂದಿದ್ದರೆ ಅವರು ಕೂರುತ್ತಿದ್ದರು. ಅಲ್ಲಿಗೆ ಪರೀಕ್ಷೆ ಮುಗಿಯುತ್ತಿತ್ತು.

ಧರ್ಮೇಶ ಎಲ್ಲವನ್ನೂ ಹೇಳಿದ. ಮೇಸ್ತ್ರಿಗಳಿಂದ ಶುರುಮಾಡಿ, ಅಜ್ಜಿ, ಕಿತ್ತಳೆ ಚೀಲ, ಬಾಳೆಹೊನ್ನೂರಿನ ತಿರುವುಗಳು, ಆಲ್ದೂರಿನ ಪ್ರಯಾಣಿಕರು ಎಲ್ಲರನ್ನೂ ವಿವರಿಸಿದ. ಕೊನೆಗೆ ಫೋನ್ ತೆಗೆದು ಜಯಪ್ರಕಾಶ್ ಅವರ ಫೋಟೊ ತೋರಿಸಿದ.

ಪ್ರಸನ್ನಕುಮಾರ್ ಅವರು ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದರು.

"ಇವರು ಕೂತಿದ್ದು ಇದೇ ಕುರ್ಚಿ ಮೇಲಾ?"

"ಹೌದು ಸರ್."

"ಬರೀ ರಟ್ಟು ಇವರನ್ನ ತಡೆಯೋದಿಲ್ಲ. ಒಳಗೆ ಹಲಗೆ ಇದೆ."

"ಇಲ್ಲ ಸರ್."

"ಬೆಳಿಗ್ಗೆ ಸರಳು ಇಟ್ಟಿದ್ದ ಹುಡುಗನೂ ಇಲ್ಲ ಸರ್ ಅಂತಲೇ ಹೇಳಿದ್ದು."

ಧರ್ಮೇಶ ಅರುಣಾ ಮೇಡಂ ಮುಖ ನೋಡಿದ. ಅವರು ಕುರ್ಚಿಯನ್ನು ತಟ್ಟಿ ನೋಡಿ, "ಸದ್ದು ಮರದ ಹಾಗೇ ಇದೆ ಧರ್ಮೇಶ್. ಒಳಗೇನೂ ಇಲ್ಲ ಅಂದ್ರೆ ಸೀಳಿ ನೋಡೋಕೆ ಹೆದರಿಕೆ ಯಾಕೆ?" ಎಂದರು.

ಅವನು ಹೆದರಿಕೆ ಇಲ್ಲ ಎಂದ. ಪ್ರಸನ್ನಕುಮಾರ್ ಅವರು ಮೇಜಿನ ಮೇಲಿದ್ದ ಕಟ್ಟರ್ ತೆಗೆದುಕೊಂಡರು.

ಮೊದಲು ಆಸನವನ್ನು ಉದ್ದಕ್ಕೆ ಸೀಳಿದರು. ರಟ್ಟು. ಮುಂದಿನ ಕಾಲನ್ನು ಅಡ್ಡಕ್ಕೆ ಸೀಳಿದರು. ರಟ್ಟು. ಹಲಗೆಯನ್ನು ಅಡಗಿಸುವವರು ಬೆನ್ನಿನಲ್ಲಿ ಅಡಗಿಸುತ್ತಾರೆ ಎಂದು ಅರುಣಾ ಮೇಡಂ ನೆನಪಿಸಿದರು. ಬೆನ್ನನ್ನೂ ಸೀಳಿದರು. ಅಲ್ಲಿ ಕೊಡೆಯ ಚಿತ್ರ, ಮೇಲ್ಮುಖವಾದ ಎರಡು ಬಾಣಗಳು, ಜೋಪಾನವಾಗಿ ಇಳಿಸಿ ಎಂಬ ಸೂಚನೆ ಇದ್ದವು. ಮಿಕ್ಕದ್ದೆಲ್ಲ ರಟ್ಟು.

ಪ್ರಸನ್ನಕುಮಾರ್ ಅವರು ಕಟ್ಟರ್ ಕೆಳಗಿಟ್ಟು ಧರ್ಮೇಶನ ಕೈ ಕುಲುಕಿದರು. ಅವರ ಮುಖದಲ್ಲಿ ನಿಜವಾದ ಗೌರವವಿತ್ತು.

"ಪ್ರಾಮಾಣಿಕ ಕೆಲಸ. ಇಷ್ಟು ವರ್ಷದಲ್ಲಿ ಇಂಥ ಜೋಡಣೆ ನಾನು ನೋಡಿಲ್ಲ. ತಪ್ಪು ತಿಳ್ಕೊಂಡಿದ್ದಕ್ಕೆ ಕ್ಷಮಿಸಿ."

ಸಾಮಗ್ರಿಯ ಬಳಕೆಗೆ ಇದ್ದ ಅಂಕಗಳನ್ನು ಅವರು ಪೂರ್ತಿ ಕೊಟ್ಟರು. ಆ ತರಗತಿಯಲ್ಲಿ ಅಲ್ಲಿಯವರೆಗೆ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಸಹಪಾಠಿಗಳು ಚಪ್ಪಾಳೆ ತಟ್ಟಿದರು.

"ಇನ್ನು ಭಾರದ ಪರೀಕ್ಷೆ," ಎಂದರು ಪ್ರಸನ್ನಕುಮಾರ್.

ಎಲ್ಲರೂ ಕುರ್ಚಿಯನ್ನು ನೋಡಿದರು. ಅದು ಮೂರು ಕಡೆ ಬಾಯಿ ತೆರೆದುಕೊಂಡು, ತನ್ನ ಕಾಲುಗಳ ಮೇಲೆ ಇನ್ನೂ ನಿಂತಿತ್ತು.

"ಸರ್, ಸೀಳೋ ಮೊದಲು ಅದು ತಡೀತಿತ್ತು."

"ಅದು ನನಗೂ ಗೊತ್ತು. ಆದರೆ ನಾನು ನೋಡಿಲ್ಲವಲ್ಲ. ನೋಡದೆ ಇದ್ದದ್ದಕ್ಕೆ ಅಂಕ ಹಾಕೋಕೆ ಬರೋದಿಲ್ಲ."

"ಫೋಟೊ ಇದೆ ಸರ್. ಬೇಕಾದ್ರೆ ಕಂಡಕ್ಟರಿಗೆ ಫೋನ್ ಮಾಡ್ತೀನಿ."

"ಬಸ್ಸಿನ ಕಂಡಕ್ಟರ್ ಪರೀಕ್ಷಾ ಮಂಡಳಿಯಲ್ಲಿ ಇಲ್ಲ ಕಣಪ್ಪ," ಎಂದರು ಅರುಣಾ ಮೇಡಂ. ಅವರ ದನಿಯಲ್ಲಿ ಕನಿಕರವಿತ್ತು.

ನಿಯಮದಂತೆ ಯಾರಾದರೂ ಒಬ್ಬರು ಕೂರಲೇಬೇಕಿತ್ತು. ಪ್ರಸನ್ನಕುಮಾರ್ ಅವರು ತಮ್ಮ ಸೊಂಟ ತೋರಿಸಿದರು. ಮೇಡಂ ಹಿಂದೆ ಸರಿದರು. ಕೊನೆಗೆ ಕುರ್ಚಿ ಮಾಡಿದವನೇ ಕೂರಲಿ ಎಂದಾಯಿತು. ಧರ್ಮೇಶ ಅಂಗಿಯ ತುದಿ ಸರಿಪಡಿಸಿಕೊಂಡು, ಆ ಕುರ್ಚಿಯ ಮೇಲೆ ಮೊದಲ ಸಲ ಕುಳಿತ.

ಕುರ್ಚಿ ಅವನನ್ನು ಗಡಿಬಿಡಿಯಿಲ್ಲದೆ, ಒಂದೊಂದೇ ಮಡಿಕೆಯಾಗಿ, ನೆಲಕ್ಕೆ ಇಳಿಸಿತು.

ಭಾರದ ಪರೀಕ್ಷೆಗೆ ಸೊನ್ನೆ ಬಿತ್ತು. ಪ್ರಸನ್ನಕುಮಾರ್ ಅವರೇ ಕೈಕೊಟ್ಟು ಎಬ್ಬಿಸಿದರು. ಮಧ್ಯೆ ಎರಡು ದಿನ ಇರುವುದರಿಂದ ಸೋಮವಾರ ಬೆಳಿಗ್ಗೆ ಇಂಥದೇ ಇನ್ನೊಂದು ಕುರ್ಚಿ ತಂದರೆ ಮತ್ತೆ ನೋಡುವುದಾಗಿ ಹೇಳಿದರು. ಇನ್ನು ಮುಂದೆ ಅವನ ಮಾತನ್ನು ಅನುಮಾನಿಸುವುದಿಲ್ಲವೆಂದೂ ಹೇಳಿದರು. ಕಾವಲುಗಾರ ಬಂದು ರಟ್ಟನ್ನು ಗುಡಿಸಿಕೊಂಡು ಹೋದ.

ಸಂಜೆಯ ಬಸ್ಸಿನಲ್ಲೂ ಉಬೈದನೇ ಕಂಡಕ್ಟರ್. ಧರ್ಮೇಶ ಹತ್ತಿದಾಗ ಅವನು ಬಾಗಿಲಿನ ಆಚೆಗೂ ಕಣ್ಣು ಹಾಯಿಸಿದ.

"ಕುರ್ಚಿ ಎಲ್ಲಿ ಮಾರಾಯ?"

ಬಸ್ಸಿನಲ್ಲಿ ಸೀಟು ಇರಲಿಲ್ಲ. ಧರ್ಮೇಶ ಕಳಸದ ತನಕ ನಿಂತೇ ಹೋದ.